ಮೆಟಲ್ ಕೇಳಿದರೂ ಒಳ್ಳೆಯವರು

(ಮೆಟಲ್ ಸಂಗೀತದ ಅಭಿಮಾನಿಗಳನ್ನು ಮಾಧ್ಯಮಗಳು ಹೇಗೆ ಚಿತ್ರಿಸಿವೆ ಎನ್ನುವ ಬಗ್ಗೆ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಕೈಸನ್ನೆಯಿಂದ ಶುರು ಮಾಡುತ್ತೇನೆ. ತೋರುಬೆರಳು, ಕಿರುಬೆರಳು ಮೇಲೆ. ನಡುವಿನ ಎರಡು ಬೆರಳು ಮಡಚಿ ಹೆಬ್ಬೆರಳಿನ ಕೆಳಗೆ. ಮೆಟಲ್, ಅಂದರೆ ಹೆವಿ ಮೆಟಲ್ ಎನ್ನುವ ಅಬ್ಬರದ ರಾಕ್ ಸಂಗೀತ. ಅದರ ಕಾರ್ಯಕ್ರಮದ ಯಾವ ಫೋಟೋ ತೆಗೆದುಕೊಂಡರೂ ಈ ಕೈ ಕಾಣುತ್ತದೆ. ಒಂದಲ್ಲ, ಸಾವಿರಾರು. ಇದನ್ನು ಸೈತಾನನ ಕೊಂಬು ಅಂತ ಬರೆದವರಿಗೆ ಲೆಕ್ಕವಿಲ್ಲ.

ಇದನ್ನು ಮೆಟಲ್ ಲೋಕದಲ್ಲಿ ಮನೆಮಾತು ಮಾಡಿದವರು ರಾನಿ ಜೇಮ್ಸ್ ಡಿಯೋ. 1979ರಲ್ಲಿ ಬ್ಲ್ಯಾಕ್ ಸ್ಯಾಬತ್ ಬ್ಯಾಂಡ್ ಸೇರಿದ ಗಾಯಕ. ಅವರಿಗಿಂತ ಮುಂಚೆ ಅಲ್ಲಿದ್ದ ಓಝಿ ಆಸ್ಬರ್ನ್ ಜನರ ಕಡೆ ಎರಡು ಬೆರಳೆತ್ತಿ ಶಾಂತಿಯ ಸನ್ನೆ ತೋರಿಸುತ್ತಿದ್ದರು. ಡಿಯೋಗೆ ತನ್ನದೇ ಒಂದು ಸನ್ನೆ ಬೇಕಿತ್ತು. ಅವರಿಗೆ ನೆನಪಾದದ್ದು ಅಜ್ಜಿ. ಇಟಲಿ ಮೂಲದ ಆ ಅಜ್ಜಿ, ಕೆಟ್ಟ ಕಣ್ಣು ಬೀಳುತ್ತಿದೆ ಅನ್ನಿಸಿದಾಗ ಹೀಗೆ ಬೆರಳು ಮಾಡುತ್ತಿದ್ದರು. ದೃಷ್ಟಿ ತಾಗದಿರಲಿ ಅಂತ.

ಕೆಡುಕು ಹತ್ತಿರ ಬಾರದಿರಲಿ ಎಂದು ಅಜ್ಜಿ ಮಾಡಿದ ಸನ್ನೆ, ಪತ್ರಿಕೆಗೆ ಬರುವ ಹೊತ್ತಿಗೆ ಕೆಡುಕಿನ ಗುರುತಾಗಿತ್ತು. ಡಿಯೋ ಈ ಕತೆಯನ್ನು ಮುಚ್ಚಿಟ್ಟವರಲ್ಲ. ಸಂದರ್ಶನಗಳಲ್ಲಿ ಎಷ್ಟೋ ಸಲ ಹೇಳಿದ್ದಾರೆ. ಕೇಳಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಕನ್ನಡದಲ್ಲಿ ‘ಕೇಳು’ ಅನ್ನುವ ಒಂದೇ ಮಾತಿಗೆ ಎರಡು ಕೆಲಸ. ಹಾಡು ಕೇಳುವುದೂ ಕೇಳುವುದೇ, ಪ್ರಶ್ನೆ ಕೇಳುವುದೂ ಕೇಳುವುದೇ. ಮೆಟಲ್ ಅಭಿಮಾನಿಗಳ ಬಗ್ಗೆ ಅರ್ಧ ಶತಮಾನದಿಂದ ಬಂದಿರುವ ಸುದ್ದಿ, ಸಿನಿಮಾ, ಟಿವಿ ಕಾರ್ಯಕ್ರಮಗಳನ್ನು ನೋಡಿದಾಗ ನನಗೆ ಕಾಣುವ ಕೊರತೆ ಇದು. ಅವರು ಕೇಳುವ ಹಾಡನ್ನು ಇವರು ಕೇಳಲಿಲ್ಲ. ಅವರನ್ನೂ ಕೇಳಲಿಲ್ಲ. ಬಟ್ಟೆ ನೋಡಿದರು, ಕೂದಲು ನೋಡಿದರು, ಬರೆದರು.

ಹಾಗೆ ಬರೆದ ಚಿತ್ರದಲ್ಲಿ ಎರಡು ಮುಖ ಜಾಸ್ತಿ ಕಾಣುತ್ತವೆ. ಒಂದು, ಭಯ ಹುಟ್ಟಿಸುವವನು. ಇನ್ನೊಂದು, ಪೆದ್ದ. ಒಬ್ಬನೇ ಹುಡುಗ ಬೆಳಗಿನ ಪತ್ರಿಕೆಯಲ್ಲಿ ಊರಿಗೆ ಅಪಾಯ, ರಾತ್ರಿಯ ಹಾಸ್ಯ ಕಾರ್ಯಕ್ರಮದಲ್ಲಿ ಎರಡು ವಾಕ್ಯ ನೆಟ್ಟಗೆ ಮಾತಾಡಲು ಬಾರದವನು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಅಂತ ಯಾರೂ ಯೋಚಿಸಿದಂತಿಲ್ಲ.

ಭಯದ ಮುಖ ಅಮೆರಿಕದಲ್ಲಿ ಗಟ್ಟಿಯಾದದ್ದು 1980ರ ದಶಕದಲ್ಲಿ. ಮಕ್ಕಳನ್ನು ಬಲಿ ಕೊಡುವ ಗುಪ್ತ ಸೈತಾನ ಪಂಥಗಳು ದೇಶದ ತುಂಬ ಇವೆ ಎನ್ನುವ ಭೀತಿ ಆಗ ಹಬ್ಬಿತ್ತು. 1988ರ ಅಕ್ಟೋಬರ್‌ನಲ್ಲಿ ಎನ್‌ಬಿಸಿ ವಾಹಿನಿ ಈ ಬಗ್ಗೆ ಜೆರಾಲ್ಡೊ ರಿವೇರಾ ಅವರ ವಿಶೇಷ ಕಾರ್ಯಕ್ರಮವನ್ನೇ ಪ್ರಸಾರ ಮಾಡಿತು. ಅದರಲ್ಲಿ ಹೆವಿ ಮೆಟಲ್ ಕೂಡ ಆರೋಪಿ. ಆಮೇಲೆ ಎಫ್‌ಬಿಐನ ತನಿಖಾಧಿಕಾರಿ ಕೆನೆತ್ ಲ್ಯಾನಿಂಗ್ ವರ್ಷಗಟ್ಟಲೆ ಈ ದೂರುಗಳನ್ನು ಪರಿಶೀಲಿಸಿ 1992ರಲ್ಲಿ ವರದಿ ಕೊಟ್ಟರು. ಅಂಥ ಸಂಘಟಿತ ಬಲಿಗಳಿಗೆ ಪುರಾವೆ ಸಿಕ್ಕಿಲ್ಲ ಎಂದರು. ಭೀತಿಗೆ ಸಿಕ್ಕ ಪ್ರಚಾರ ಆ ವರದಿಗೆ ಸಿಗಲಿಲ್ಲ.

ಆ ಕಾಲದಲ್ಲಿ ಯಾವುದು ಬೇಕಾದರೂ ಸಾಕ್ಷಿಯಾಗುತ್ತಿತ್ತು. ಎಸಿ/ಡಿಸಿ ಬ್ಯಾಂಡಿನ ಹೆಸರು ತೆಗೆದುಕೊಳ್ಳಿ. ಕಟ್ಟಾ ಅಭಿಮಾನಿಗಳು ಅದನ್ನು ಹಾರ್ಡ್ ರಾಕ್ ಅನ್ನುತ್ತಾರೆ, ಆದರೆ ಬೈಯುವವರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ಈ ಎರಡೆರಡು ಅಕ್ಷರಗಳಲ್ಲಿ ಕ್ರಿಸ್ತ ವಿರೋಧಿ, ಸೈತಾನನ ಮಗು ಅನ್ನುವ ಅರ್ಥ ಅಡಗಿದೆ ಎಂದು ಹಬ್ಬಿಸಿದರು. 1985ರಲ್ಲಿ ಕ್ಯಾಲಿಫೋರ್ನಿಯಾದ ಸರಣಿ ಕೊಲೆಗಳ ತನಿಖೆಯಲ್ಲಿ ಆ ಬ್ಯಾಂಡಿನ ಹೆಸರಿದ್ದ ಟೋಪಿ ಸಿಕ್ಕಿದ ಮೇಲಂತೂ ಕೇಳುವುದೇ ಬೇಡ. ಆ ಹೆಸರು ಬಂದದ್ದು ಹೊಲಿಗೆ ಯಂತ್ರದಿಂದ. ಬ್ಯಾಂಡಿನ ಗಿಟಾರ್ ವಾದಕರಾದ ಯಂಗ್ ಸಹೋದರರ ಅಕ್ಕ ಮಾರ್ಗರೆಟ್, ಯಂತ್ರದ ಮೇಲೆ ಬರೆದಿದ್ದ ವಿದ್ಯುತ್ತಿನ ಗುರುತು ನೋಡಿ, ಇದು ಚೆನ್ನಾಗಿದೆ ಅಂದರು. ಅಷ್ಟೇ.

ಅದೇ 1985ರಲ್ಲಿ ವಾಷಿಂಗ್ಟನ್ನಿನ ರಾಜಕಾರಣಿಗಳ ಪತ್ನಿಯರು ಸೇರಿ ಒಂದು ಸಂಘ ಕಟ್ಟಿದರು. ಅದರ ಮುಂದಾಳುಗಳಲ್ಲಿ ಟಿಪ್ಪರ್ ಗೋರ್ ಒಬ್ಬರು. ಅವರು ಕೆಟ್ಟ ಹಾಡುಗಳೆಂದು 15 ಹಾಡುಗಳ ಪಟ್ಟಿ ಮಾಡಿದರು. ಹೆಚ್ಚಿನವು ಮೆಟಲ್ ಮತ್ತು ಹಾರ್ಡ್ ರಾಕ್. ಸೆಪ್ಟೆಂಬರ್ 19ರಂದು ಸೆನೆಟ್ ಸಮಿತಿಯ ಮುಂದೆ ವಿಚಾರಣೆ. ಟ್ವಿಸ್ಟೆಡ್ ಸಿಸ್ಟರ್ ಬ್ಯಾಂಡಿನ ಡೀ ಸ್ನೈಡರ್ ಅಲ್ಲಿಗೆ ಬಂದರು. ಉದ್ದ ಕೂದಲು, ತೋಳಿಲ್ಲದ ಜೀನ್ಸ್ ಬಟ್ಟೆಯ ಜಾಕೆಟ್. ಜೇಬಿನಿಂದ ಮಡಚಿದ ಕಾಗದ ತೆಗೆದು ಓದತೊಡಗಿದರು.

ಆ ದೃಶ್ಯವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರು ತಮ್ಮ ಪರಿಚಯ ಮಾಡಿಕೊಂಡದ್ದು ಹೀಗೆ: ಮದುವೆಯಾಗಿದೆ, 3 ವರ್ಷದ ಮಗ ಇದ್ದಾನೆ, ಕ್ರೈಸ್ತ ಮನೆತನದಲ್ಲಿ ಬೆಳೆದೆ, ಸಿಗರೇಟು ಕುಡಿತ ಡ್ರಗ್ಸ್ ಯಾವುದೂ ಇಲ್ಲ. ಆಮೇಲೆ ಒಂದೊಂದೇ ಆರೋಪಕ್ಕೆ ಬಂದರು. ಅವರ ಒಂದು ಹಾಡು ಹಿಂಸೆ ಮತ್ತು ಅತ್ಯಾಚಾರದ ಬಗ್ಗೆ ಇದೆ ಎಂದು ಟಿಪ್ಪರ್ ಗೋರ್ ಬರೆದಿದ್ದರು. ಬ್ಯಾಂಡಿನ ಗಿಟಾರ್ ವಾದಕನಿಗೆ ಗಂಟಲಿನ ಆಪರೇಷನ್ ಆಗಬೇಕಿತ್ತು, ಅವನ ಭಯವನ್ನು ನೋಡಿ ಬರೆದ ಹಾಡು ಅದು ಎಂದು ಸ್ನೈಡರ್ ಹೇಳಿದರು. ಹಾಡಿನಲ್ಲಿರುವ ಕತ್ತಿ ವೈದ್ಯರ ಕತ್ತಿ. ಬೇರೇನನ್ನೋ ಹುಡುಕುತ್ತಾ ಹೋದವರಿಗೆ ಅದೇ ಸಿಗುತ್ತದೆ ಅನ್ನುವುದು ಅವರ ಮಾತಿನ ಸಾರ.

ಅವತ್ತು ಆ ಕೋಣೆಯಲ್ಲಿದ್ದವರ ಮುಖ ನೋಡಬೇಕು. ಹೀಗೆ ಕಾಣುವ ಮನುಷ್ಯ ಹೀಗೆ ಮಾತಾಡುತ್ತಾನೆ ಎಂದು ಅವರು ಎಣಿಸಿರಲಿಲ್ಲ. ಅವರ ಮಾತು ಗೆದ್ದಿತು ಅಂತ ನನಗನ್ನಿಸುತ್ತದೆ. ಆದರೂ ಪೋಷಕರಿಗೆ ಎಚ್ಚರಿಕೆ ಎನ್ನುವ ಚೀಟಿ ಆಲ್ಬಮ್ಮುಗಳ ಮೇಲೆ ಬಂದೇ ಬಂತು.

ಇದಕ್ಕಿಂತ ನೋವಿನದು ರೀನೋ ನಗರದ ಮೊಕದ್ದಮೆ. 1985ರ ಡಿಸೆಂಬರ್‌ನಲ್ಲಿ ಅಮೆರಿಕದ ನೆವಾಡಾದಲ್ಲಿ ಇಬ್ಬರು ಯುವಕರು ಜೀವ ಕಳೆದುಕೊಳ್ಳಲು ಹೊರಟರು. ಒಬ್ಬ ಅವತ್ತೇ ಸತ್ತ. ಇನ್ನೊಬ್ಬ ಭಾರಿ ಗಾಯಗಳೊಂದಿಗೆ ಉಳಿದು, 3 ವರ್ಷದ ಮೇಲೆ ತೀರಿಕೊಂಡ. ಅವತ್ತು ಅವರು ಜೂಡಾಸ್ ಪ್ರೀಸ್ಟ್ ಬ್ಯಾಂಡಿನ 1978ರ ಆಲ್ಬಮ್ ಕೇಳುತ್ತಿದ್ದರು. ಹಾಡೊಂದರಲ್ಲಿ ‘ಮಾಡಿಬಿಡು’ ಎನ್ನುವ ಗುಪ್ತ ಸಂದೇಶ ಇದೆ, ಅದು ಮಕ್ಕಳ ಮನಸ್ಸಿಗೆ ಇಳಿಯಿತು ಎಂದು ಮನೆಯವರು ದಾವೆ ಹೂಡಿದರು. ಇನ್ನೂ ಒಂದು ಮಾತು. ಆ ಹಾಡು ಈ ಬ್ಯಾಂಡಿನದೇ ಅಲ್ಲ. ಬೇರೆ ಬ್ಯಾಂಡಿನ ಹಾಡನ್ನು ಇವರು ಮತ್ತೆ ಹಾಡಿದ್ದು.

1990ರ ಬೇಸಿಗೆಯಲ್ಲಿ ವಿಚಾರಣೆ ನಡೆಯಿತು. ಹಾಡನ್ನು ತುಂಡು ತುಂಡು ಮಾಡಿ ಕೇಳಿದರು. ನಿಧಾನ ಮಾಡಿ ಕೇಳಿದರು. ಉಲ್ಟಾ ಓಡಿಸಿ ಕೇಳಿದರು. ಗಾಯಕ ರಾಬ್ ಹ್ಯಾಲ್ಫರ್ಡ್ ಕೋರ್ಟಿನಲ್ಲೇ ಹಾಡಿ ತೋರಿಸಬೇಕಾಯಿತು. ಅವರು ತಮ್ಮದೇ ಹಾಡುಗಳನ್ನು ಉಲ್ಟಾ ಓಡಿಸಿದಾಗ ‘ಅಮ್ಮ ನೋಡು, ನನ್ನ ಕುರ್ಚಿ ಮುರೀತು’ ಅನ್ನುವಂಥ ಮಾತು ಕೇಳಿಸಿತು. ಯಾವ ಸದ್ದನ್ನು ಉಲ್ಟಾ ಮಾಡಿದರೂ ನಮ್ಮ ಕಿವಿ ಏನೋ ಒಂದು ಮಾತನ್ನು ಕಟ್ಟಿಕೊಳ್ಳುತ್ತದೆ. ಆಗಸ್ಟ್ 24ರಂದು ನ್ಯಾಯಾಧೀಶ ಜೆರ್ರಿ ಕಾರ್ ವೈಟ್‌ಹೆಡ್ ತೀರ್ಪು ಕೊಟ್ಟರು. ಕೇಳಿಸಿದ್ದು ಉಸಿರು ಮತ್ತು ಗಿಟಾರ್ ಸದ್ದು ಆಕಸ್ಮಿಕವಾಗಿ ಸೇರಿ ಹುಟ್ಟಿದ್ದು, ಯಾರೂ ಬೇಕೆಂದು ಇಟ್ಟದ್ದಲ್ಲ ಎಂದರು. ಬ್ಯಾಂಡ್ ಗೆದ್ದಿತು.

ಆದರೆ ನನ್ನ ಮನಸ್ಸಿನಲ್ಲಿ ಕೂತಿರುವುದು ಬ್ಯಾಂಡಲ್ಲ, ಆ ಇಬ್ಬರು ಹುಡುಗರು. ಅವರ ಬದುಕಿನಲ್ಲಿ ಕುಡಿತ, ಏಟು, ಓದು ನಿಂತದ್ದು, ಕೆಲಸ ನಿಲ್ಲದ್ದು ಎಲ್ಲ ಇತ್ತು ಎನ್ನುವುದು ವಿಚಾರಣೆಯಲ್ಲಿ ಹೊರಬಂತು. ರೆಕಾರ್ಡನ್ನು ಉಲ್ಟಾ ಓಡಿಸಿ ಅಷ್ಟು ಗಮನವಿಟ್ಟು ಕೇಳಿದರಲ್ಲ, ಬದುಕಿದ್ದಾಗ ಆ ಹುಡುಗರನ್ನು ನೆಟ್ಟಗೆ ಕೂರಿಸಿ ಕೇಳಿದವರು ಯಾರು? ಟಿವಿ ವ್ಯಾನುಗಳು ಕೋರ್ಟಿನ ಹೊರಗೆ ನಿಂತದ್ದು ಗುಪ್ತ ಸಂದೇಶದ ಕತೆಗಾಗಿ.

ಚಿತ್ರ ಬರೀ ಚಿತ್ರವಾಗಿ ಉಳಿಯುವುದಿಲ್ಲ. 1993ರಲ್ಲಿ ಅರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್‌ನಲ್ಲಿ 8 ವರ್ಷದ ಮೂವರು ಹುಡುಗರ ಕೊಲೆಯಾಯಿತು. ಘೋರವಾದ ಕೊಲೆ. ಊರಿಗೆ ಉತ್ತರ ಬೇಕಿತ್ತು. ಡೇಮಿಯನ್ ಎಕಲ್ಸ್ ಎನ್ನುವ 18ರ ಯುವಕನ ಮೇಲೆ ಕಣ್ಣು ಬಿತ್ತು. ಕಪ್ಪು ಬಟ್ಟೆ ಹಾಕುತ್ತಿದ್ದ, ಮೆಟಾಲಿಕಾ ಎನ್ನುವ ಮೆಟಲ್ ಬ್ಯಾಂಡಿನ ಹಾಡು ಕೇಳುತ್ತಿದ್ದ, ಏನೇನೋ ಪುಸ್ತಕ ಓದುತ್ತಿದ್ದ. ಅವನ ಜೊತೆ ಇನ್ನಿಬ್ಬರು ಹದಿಹರೆಯದವರು. ಸೈತಾನ ಪಂಥಗಳ ತಜ್ಞ ಎಂದು ಕೋರ್ಟಿಗೆ ಬಂದವರ ಡಾಕ್ಟರೇಟ್ ಅಂಚೆಯಲ್ಲಿ ಪಡೆದದ್ದು. ಕಪ್ಪು ಟೀ ಶರ್ಟು, ಉಗುರಿನ ಕಪ್ಪು ಬಣ್ಣದ ಬಗ್ಗೆ ಅವರು ಸಾಕ್ಷಿ ನುಡಿದರು. 1994ರಲ್ಲಿ ಎಕಲ್ಸ್‌ಗೆ ಮರಣದಂಡನೆ, ಉಳಿದಿಬ್ಬರಿಗೆ ಜೀವಾವಧಿ.

ಈ ಕತೆಯನ್ನು ತಿರುಗಿಸಿದ್ದೂ ಒಂದು ಮಾಧ್ಯಮವೇ. ಮೊಕದ್ದಮೆಯ ಬಗ್ಗೆ 1996ರಲ್ಲಿ ಬಂದ ಸಾಕ್ಷ್ಯಚಿತ್ರ ಜನರಲ್ಲಿ ಸಂಶಯ ಹುಟ್ಟಿಸಿತು. ಅದಕ್ಕೆ ಮೆಟಾಲಿಕಾ ತಮ್ಮ ಹಾಡು ಬಳಸಿಕೊಳ್ಳಲು ಒಪ್ಪಿದರು. ಮುಂದೆ ನಡೆದ ಡಿಎನ್‌ಎ ಪರೀಕ್ಷೆಯಲ್ಲಿ ಕೊಲೆಯ ಜಾಗದ ಯಾವ ಮಾದರಿಯೂ ಈ ಮೂವರಿಗೆ ಹೊಂದಲಿಲ್ಲ. 2011ರ ಆಗಸ್ಟ್ 19ರಂದು ಮೂವರೂ ಹೊರಬಂದರು. ಅದೂ ಪೂರ್ತಿ ನಿರ್ದೋಷಿಗಳಾಗಿ ಅಲ್ಲ. ನಾವು ನಿರಪರಾಧಿಗಳು ಎಂದು ಹೇಳುತ್ತಲೇ ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಒಂದು ವಿಚಿತ್ರ ಒಪ್ಪಂದದಲ್ಲಿ. 18 ವರ್ಷ ಕಳೆದಿತ್ತು. ಆ ಮೂವರು ಪುಟ್ಟ ಮಕ್ಕಳಿಗೂ ನ್ಯಾಯ ಸಿಗಲಿಲ್ಲ ಅನ್ನುವುದನ್ನು ಮರೆಯಬಾರದು.

ಇದು ಅಮೆರಿಕದ ರೋಗ ಮಾತ್ರ ಅಂದುಕೊಳ್ಳಬೇಡಿ. 1997ರಲ್ಲಿ ಈಜಿಪ್ಟಿನಲ್ಲಿ ಪತ್ರಿಕೆಗಳು ಎಬ್ಬಿಸಿದ ಗದ್ದಲದ ನಡುವೆ ಸುಮಾರು 100 ಯುವಕ ಯುವತಿಯರನ್ನು ಸೈತಾನ ಪೂಜಕರೆಂದು ಬಂಧಿಸಿದರು. 2003ರಲ್ಲಿ ಮೊರಾಕ್ಕೊದಲ್ಲಿ ಮೆಟಲ್ ನುಡಿಸುವ, ಕೇಳುವ 14 ಜನರಿಗೆ ಶಿಕ್ಷೆಯಾಯಿತು. ಕೋರ್ಟಿನಲ್ಲಿ ಸಾಕ್ಷಿಯಾಗಿ ಇಟ್ಟ ವಸ್ತುಗಳಲ್ಲಿ ಕಪ್ಪು ಟೀ ಶರ್ಟೂ ಸೇರಿತ್ತು. ಜನ ಬೀದಿಗಿಳಿದರು, ಸಂಗೀತ ನುಡಿಸಿ ಪ್ರತಿಭಟಿಸಿದರು. ಮೇಲ್ಮನವಿಯಲ್ಲಿ ಹೆಚ್ಚಿನವರು ಬಿಡುಗಡೆಯಾದರು.

2007ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಸೋಫಿ ಲ್ಯಾಂಕಾಸ್ಟರ್ ಎನ್ನುವ 20ರ ಹುಡುಗಿ, ತನ್ನ ಗೆಳೆಯನ ಜೊತೆ ಪಾರ್ಕಿನಲ್ಲಿದ್ದಾಗ ಹುಡುಗರ ಗುಂಪೊಂದು ಇಬ್ಬರಿಗೂ ಹೊಡೆಯಿತು. ಕಾರಣ ಅವರ ವೇಷ. ಅವರು ಗಾತ್ ಶೈಲಿಯ ಬಟ್ಟೆ ಹಾಕುವವರು, ಮೆಟಲ್‌ಗೆ ನೆರೆಮನೆಯಂಥ ಬಳಗ. ಗೆಳೆಯ ಉಳಿದ. ಅವನನ್ನು ಕಾಪಾಡಲು ಹೋದ ಸೋಫಿ ಎರಡು ವಾರದೊಳಗೆ ತೀರಿಕೊಂಡಳು. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಗಾತ್, ಮೆಟಲ್ ಮುಂತಾದ ಬಳಗದವರ ಮೇಲಿನ ಹಲ್ಲೆಗಳನ್ನು ದ್ವೇಷದ ಅಪರಾಧಗಳಾಗಿ ದಾಖಲಿಸಲು ಶುರು ಮಾಡಿದರು. ಬ್ಲಡ್‌ಸ್ಟಾಕ್ ಎನ್ನುವ ಮೆಟಲ್ ಉತ್ಸವದ ಒಂದು ವೇದಿಕೆಗೆ ಸೋಫಿಯ ಹೆಸರಿದೆ.

ಈಗ ಪೆದ್ದನ ಮುಖ. ಇದು ಮೇಲ್ನೋಟಕ್ಕೆ ನಿರಪಾಯ. ನಾವೂ ನಕ್ಕಿದ್ದೇವೆ. 1986ರಲ್ಲಿ ಮೇರಿಲ್ಯಾಂಡಿನ ಒಂದು ಕ್ರೀಡಾಂಗಣದ ಹೊರಗೆ, ಜೂಡಾಸ್ ಪ್ರೀಸ್ಟ್ ಕಾರ್ಯಕ್ರಮಕ್ಕೆ ಮುಂಚೆ ಕಾರು ನಿಲ್ಲಿಸುವ ಜಾಗದಲ್ಲಿ ಇಬ್ಬರು ಕ್ಯಾಮೆರಾ ಹಿಡಿದು ಓಡಾಡಿ ಒಂದು ಕಿರುಚಿತ್ರ ಮಾಡಿದರು. ಕುಡಿದು ಕೂಗಾಡುವ, ಅಂಗಿ ಬಿಚ್ಚಿದ ಹುಡುಗರು ಅದರ ತುಂಬ. ಮುಂದೆ ಅದು ಕೈಯಿಂದ ಕೈಗೆ ಹರಡಿ ಹೆಸರಾಯಿತು. ಅದರಲ್ಲಿ ಪ್ರೀತಿಯೂ ಇದೆ, ಒಪ್ಪುತ್ತೇನೆ. ಆದರೆ ಕ್ಯಾಮೆರಾ ಯಾವಾಗಲೂ ಜೋರಾಗಿ ಕಿರುಚುವವನ ಕಡೆ ತಿರುಗುತ್ತದೆ. ಸುಮ್ನೆ ಕಾರಿಗೆ ಒರಗಿ, ಇವತ್ತು ಯಾವ ಹಾಡು ನುಡಿಸಬಹುದು ಅಂತ ಯೋಚಿಸುತ್ತಾ ನಿಂತವನು ಯಾವ ಚಿತ್ರಕ್ಕೂ ಸಿಗುವುದಿಲ್ಲ.

1993ರಲ್ಲಿ ಎಂಟಿವಿಯಲ್ಲಿ ಬಂದ ಕಾರ್ಟೂನಿನಲ್ಲಿ ಸೋಫಾ ಮೇಲೆ ಕೂತು ಹಿಹಿ ಅನ್ನುವ ಇಬ್ಬರು ಹುಡುಗರಿದ್ದರಲ್ಲ, ಒಬ್ಬನ ಅಂಗಿಯ ಮೇಲೆ ಮೆಟಾಲಿಕಾ, ಇನ್ನೊಬ್ಬನ ಅಂಗಿಯ ಮೇಲೆ ಎಸಿ/ಡಿಸಿ. ಅದು ಬರೆದವನ ಆಯ್ಕೆ. ದಡ್ಡರು ಎಂದು ಬಾಯಿಬಿಟ್ಟು ಹೇಳಬೇಕಿಲ್ಲ, ಅಂಗಿ ಹೇಳುತ್ತದೆ.

ಈ ದಡ್ಡ ಎನ್ನುವ ಹಣೆಪಟ್ಟಿಯ ಹಿಂದೆ ಇನ್ನೊಂದು ವಿಷಯ ಇದೆ. ಮೆಟಲ್ ಹುಟ್ಟಿದ್ದು ದುಡಿಯುವವರ ಕೇರಿಯಲ್ಲಿ. ಬ್ಲ್ಯಾಕ್ ಸ್ಯಾಬತ್ ನಾಲ್ವರೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆ ಬದಿಯ ಮಕ್ಕಳು. ಗಿಟಾರ್ ವಾದಕ ಟೋನಿ ಅಯೋಮಿ 17 ವರ್ಷದವರಾಗಿದ್ದಾಗ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವತ್ತು ಅಲ್ಲಿ ಅವರ ಕೊನೆಯ ದಿನ. ಸಂಗೀತಕ್ಕೆ ಹೊರಡುವವರಿದ್ದರು. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವರು ಎಡಗೈಯಲ್ಲಿ ಮೀಟುವವರು. ಅಂದರೆ ತಂತಿ ಒತ್ತುವ ಬೆರಳುಗಳೇ ಹೋದವು. ಅವರು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು. ಗಟ್ಟಿ ತಂತಿ ಒತ್ತಿದರೆ ನೋವು. ಹಾಗಾಗಿ ತೆಳು ತಂತಿ ಹಾಕಿದರು. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದರು. ನಾವು ಇವತ್ತು ಮೆಟಲ್ ಅನ್ನುವ ಆ ಭಾರದ, ಕತ್ತಲಿನ ನಾದದಲ್ಲಿ ಆ ಗಾಯದ ಪಾಲಿದೆ.

1970ರಲ್ಲಿ ಅವರ ಮೊದಲ ಆಲ್ಬಮ್ ಬಂದಾಗ ಎಷ್ಟೋ ವಿಮರ್ಶಕರು ಒರಟು ಗದ್ದಲ ಅಂದರು. ಅದೇ ವರ್ಷ ಅವರು ಮಾಡಿದ ಯುದ್ಧವಿರೋಧಿ ಹಾಡು, ಬಡವರನ್ನು ಸಾಯಲು ಕಳಿಸಿ ತಾವು ಮನೆಯಲ್ಲಿ ಕೂರುವ ದೊಡ್ಡವರನ್ನು ನೇರವಾಗಿ ಬೈಯುತ್ತದೆ. ಆ ಸಿಟ್ಟು ಗದ್ದಲವಲ್ಲ. ಐರನ್ ಮೇಡನ್ ಬ್ಯಾಂಡಿನವರು 1984ರಲ್ಲಿ ಕೋಲ್‌ರಿಜ್ ಕವಿಯ ಹಳೆಯ ನಾವಿಕನ ಕವಿತೆಯನ್ನು 13 ನಿಮಿಷ ಮೀರಿದ ಹಾಡಾಗಿ ಮಾಡಿದರು. ಅದನ್ನು ಸಾಲು ಸಾಲಾಗಿ ಬಾಯಿಪಾಠ ಹೇಳುವ ಅಭಿಮಾನಿಗಳನ್ನು ನಾನು ಬಲ್ಲೆ. ಅವರು ಯಾವ ಕಾರ್ಟೂನಿನಲ್ಲೂ ಕಾಣುವುದಿಲ್ಲ.

ಮಾಶ್ ಪಿಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದರೆ ಟಿವಿಯವರಿಗೆ ತುಂಬ ಇಷ್ಟದ ದೃಶ್ಯ ಅದು. ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುವ ಜಾಗ. ಮೇಲಿನಿಂದ ತೆಗೆದರೆ ಹೊಡೆದಾಟದ ಹಾಗೆಯೇ ಕಾಣುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇಂಥ ವಿಡಿಯೋಗಳನ್ನು ಅಳೆದು ನೋಡಿ, ಅಲ್ಲಿನ ಚಲನೆ ಅನಿಲದ ಕಣಗಳ ಚಲನೆಯಂತಿದೆ ಎಂದು 2013ರಲ್ಲಿ ಪ್ರಕಟಿಸಿದರು. ಅವರು ಕ್ಯಾಮೆರಾದಿಂದ ಅಷ್ಟು ಕಂಡುಕೊಂಡರು. ಒಳಗಿನದು ಒಳಗಿದ್ದವರಿಗೆ ಗೊತ್ತು. ನಾನು ಮೊದಲ ಸಲ ಇಳಿದಾಗ ಒಂದೇ ನಿಮಿಷಕ್ಕೆ ಬಿದ್ದೆ. ಕನ್ನಡಕ ಹಾರಿಹೋಯಿತು. ಹೆದರುವಷ್ಟರಲ್ಲಿ ನಾಲ್ಕೈದು ಕೈ ಬಂದು ಎತ್ತಿದವು. ಒಬ್ಬ ಎರಡೂ ತೋಳು ಚಾಚಿ ಸುತ್ತಲಿನವರನ್ನು ತಡೆದು ನಿಂತ. ಇನ್ನೊಬ್ಬ ಮೊಣಕಾಲೂರಿ ಕನ್ನಡಕ ಹುಡುಕಿ, ತನ್ನ ಅಂಗಿಯಲ್ಲಿ ಒರೆಸಿ ಕೊಟ್ಟ. ಯಾರಾದರೂ ಬಿದ್ದರೆ ಮೊದಲು ಎತ್ತು ಅನ್ನುವುದು ಅಲ್ಲಿ ಬರೆಯದ ನಿಯಮ. ಎಲ್ಲರೂ ಪಾಲಿಸುತ್ತಾರೆ ಅಂತ ನಾನು ಹೇಳಲಾರೆ. ಗಾಯಗಳಾಗುತ್ತವೆ, ಹೆಣ್ಣುಮಕ್ಕಳಿಗೆ ಕಿರುಕುಳವೂ ಆಗುತ್ತದೆ. ಆದರೆ ಎತ್ತುವ ಆ ಕೈಗಳು ಸುದ್ದಿಯಲ್ಲಿ ಬರುವುದು ಅಪರೂಪ.

ನಮ್ಮ ಕಡೆಯ ತಪ್ಪನ್ನೂ ನೆಟ್ಟಗೆ ಹೇಳಬೇಕು. 1992ರ ಜೂನ್ 6ರಂದು ನಾರ್ವೆಯ ಫಾಂಟಾಫ್ಟ್‌ನಲ್ಲಿ ಮರದ ಹಳೆಯ ಚರ್ಚು ಸುಟ್ಟು ಬೂದಿಯಾಯಿತು. ಮೆಟಲ್‌ನದೇ ಕವಲಾದ ಬ್ಲ್ಯಾಕ್ ಮೆಟಲ್‌ನ ಆ ಕಾಲದ ಗುಂಪಿನ ಕೆಲವರು ಅಲ್ಲಿ ಚರ್ಚುಗಳಿಗೆ ಬೆಂಕಿ ಇಟ್ಟರು, ಕೊಲೆಗಳನ್ನೂ ಮಾಡಿದರು. ಇದು ಮಾಧ್ಯಮದ ಕಟ್ಟುಕತೆಯಲ್ಲ. ಬೂದಿಯಾದ ಆ ಚರ್ಚಿನ ಫೋಟೋವನ್ನು ಆಲ್ಬಮ್ಮಿನ ಮುಖಪುಟ ಮಾಡಿದ್ದು ನಮ್ಮವರೇ. ಅದನ್ನು ಟೀ ಶರ್ಟಾಗಿ ತೊಟ್ಟದ್ದೂ ನಮ್ಮವರೇ. ಭಯ ಮಾರಾಟವಾಗುತ್ತದೆ ಎಂದು ಪತ್ರಿಕೆಗೆ ಎಷ್ಟು ಗೊತ್ತಿತ್ತೋ ಬ್ಯಾಂಡುಗಳಿಗೂ ಅಷ್ಟೇ ಗೊತ್ತಿತ್ತು. ಹೆಂಗಸರ ಮೇಲಿನ ಹಿಂಸೆಯನ್ನು ಚಿತ್ರ ಮಾಡಿ ಮಾರಿದ ಮುಖಪುಟಗಳನ್ನು ನಾನು ಸಮರ್ಥಿಸುವುದಿಲ್ಲ. ನನ್ನ ತಕರಾರು ಬೇರೆ. ಒಂದು ದೇಶದ ಒಂದು ಸಣ್ಣ ಗುಂಪು ಮಾಡಿದ ಅಪರಾಧದ ಬಗ್ಗೆ, ಬೇರೆ ಖಂಡದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ಹುಡುಗಿಯೊಬ್ಬಳು ಯಾಕೆ ಉತ್ತರ ಕೊಡಬೇಕು?

ಹುಡುಗಿ ಅಂದೆ. ಅವಳು ಚಿತ್ರದಲ್ಲೇ ಇಲ್ಲ ಅಲ್ವಾ? ಮಾಧ್ಯಮದ ಮೆಟಲ್ ಅಭಿಮಾನಿ ಅಂದರೆ ಬಿಳಿಯ, ಹದಿಹರೆಯದ ಗಂಡು. ಹೆಣ್ಣು ಬಂದರೆ ಅವನ ಗೆಳತಿಯಾಗಿ. ಕೆನಡಾದ ಕಪ್ಪು ವರ್ಣದ ವಿಮರ್ಶಕಿ ಲೈನಾ ಡಾಸ್ ಈ ಬಗ್ಗೆ 2012ರಲ್ಲಿ ಒಂದು ಪುಸ್ತಕ ಬರೆದರು. ನೀನು ಇಲ್ಲಿ ಏನು ಮಾಡ್ತಿದ್ದೀಯಾ ಎನ್ನುವ ಪ್ರಶ್ನೆಯೇ ಅದರ ಹೆಸರು. ಆ ಪ್ರಶ್ನೆ ಹೊರಗಿನವರಿಂದ ಮಾತ್ರ ಬಂದದ್ದಲ್ಲ. ಮೆಟಲ್ ಬಳಗದ ಒಳಗಿನವರೂ ಅದನ್ನೇ ಕೇಳಿದರು. ಬೋಟ್ಸ್‌ವಾನಾದ ಅಭಿಮಾನಿಗಳು ಚರ್ಮದ ಉಡುಪು, ಕೌಬಾಯ್ ಟೋಪಿ ತೊಟ್ಟ ಫೋಟೋಗಳು ಜಗತ್ತೆಲ್ಲ ಸುತ್ತಿದವು. ಬೆರಗಿನ ಚಿತ್ರಗಳು. ಆದರೆ ಅವನ್ನು ನೋಡಿದ ಎಷ್ಟು ಜನರಿಗೆ ಅಲ್ಲಿನ ಸ್ಕಿನ್‌ಫ್ಲಿಂಟ್ ಬ್ಯಾಂಡಿನ ಒಂದು ಹಾಡು ಗೊತ್ತು?

ಇನ್ನು ರಾಬ್ ಹ್ಯಾಲ್ಫರ್ಡ್. ಚರ್ಮ ಮತ್ತು ಲೋಹದ ಮೊಳೆಗಳ ಆ ಉಡುಪನ್ನು ಮೆಟಲ್‌ನ ಸಮವಸ್ತ್ರದಂತೆ ಮಾಡಿದವರಲ್ಲಿ ಅವರೇ ಮುಖ್ಯರು. ಪತ್ರಿಕೆಗಳು ಆ ಉಡುಪಿನಲ್ಲಿ ಒರಟು ಗಂಡಸುತನ ಕಂಡವು. ಅದನ್ನು ತೊಟ್ಟವರು ತಾನು ಸಲಿಂಗಿ ಎನ್ನುವುದನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಬಚ್ಚಿಟ್ಟುಕೊಂಡಿದ್ದರು. 1998ರಲ್ಲಿ ಟಿವಿ ಸಂದರ್ಶನದಲ್ಲಿ ಹೇಳಿದರು. ಅಭಿಮಾನಿಗಳು ದೂರವಾಗಲಿಲ್ಲ. 2003ರಲ್ಲಿ ಅವರು ಮತ್ತೆ ಜೂಡಾಸ್ ಪ್ರೀಸ್ಟ್ ಸೇರಿದಾಗ ಜನ ಸಂಭ್ರಮಪಟ್ಟರು. ನನಗೆ ಈ ಬಳಗದ ಬಗ್ಗೆ ಹೆಮ್ಮೆ ಅನ್ನಿಸುವ ವಿಷಯಗಳಲ್ಲಿ ಇದೂ ಒಂದು.

ಇತ್ತೀಚೆಗೆ ಮೂರನೇ ಮುಖ ಹುಟ್ಟಿದೆ. ಮೆಟಲ್ ಕೇಳುವವರು ನಿಜಕ್ಕೂ ಮೃದು ಮನಸ್ಸಿನವರು ಎನ್ನುವ ಸುದ್ದಿ. 2008ರಲ್ಲಿ ಸ್ಕಾಟ್ಲೆಂಡಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಏಡ್ರಿಯನ್ ನಾರ್ತ್ 36,000ಕ್ಕೂ ಹೆಚ್ಚು ಜನರನ್ನು ಅಧ್ಯಯನ ಮಾಡಿ, ಮೆಟಲ್ ಕೇಳುವವರ ಸ್ವಭಾವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರ ಸ್ವಭಾವಕ್ಕೆ ತುಂಬ ಹತ್ತಿರ ಎಂದರು. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 39 ಕೇಳುಗರಿಗೆ, ಸಿಟ್ಟು ಬರಿಸಿದ ಘಟನೆಗಳನ್ನು ನೆನಪಿಸಿಕೊಳ್ಳಲು ಹೇಳಿ, ಆಮೇಲೆ ಕೆಲವರಿಗೆ 10 ನಿಮಿಷ ತಮ್ಮಿಷ್ಟದ ಹಾಡು, ಕೆಲವರಿಗೆ ಮೌನ ಕೊಟ್ಟರು. ಹಾಡು ಕೇಳಿದವರ ಸಿಟ್ಟು ಏರಲಿಲ್ಲ. ಮೌನವಾಗಿ ಕೂತವರಂತೆಯೇ ಇಳಿಯಿತು. ಜೊತೆಗೆ ಅವರಿಗೆ ಹುರುಪೂ ಬಂತು. ನನಗೆ ಇದು ಹೊಸದೇನಲ್ಲ. ಕೆಟ್ಟ ದಿನ ಮುಗಿಸಿ ಬಂದು ಹಾಡು ಹಾಕಿಕೊಂಡವರಿಗೆಲ್ಲ ಗೊತ್ತು. ಆದರೆ 39 ಜನರ ಅಧ್ಯಯನ 39 ಜನರದ್ದೇ. ಅದನ್ನು ಹಿಡಿದು ಮೆಟಲ್ ಕೇಳಿದರೆ ಸಿಟ್ಟು ಹೋಗುತ್ತದೆ ಎಂದು ದೊಡ್ಡಕ್ಷರದಲ್ಲಿ ಬರೆದರೆ, ಅದೂ ಕೇಳದೆ ಬರೆದ ಚಿತ್ರವೇ.

ಈ ಹೊಸ ಸುದ್ದಿಗಳಲ್ಲಿ ನನ್ನನ್ನು ಚುಚ್ಚುವುದು ಒಂದು ಅಕ್ಷರ. ಮೆಟಲ್ ಕೇಳಿದರೂ ಒಳ್ಳೆಯವರು. ಉದ್ದ ಕೂದಲಿದ್ದರೂ ಓದಿದವರು. ಹಿಜಾಬ್ ತೊಟ್ಟರೂ ಗಿಟಾರ್ ನುಡಿಸುತ್ತಾರೆ. ಆ ‘ರೂ’ ಇದೆಯಲ್ಲ, ಅದು ಹೊಗಳುವಾಗಲೇ ಹಳೆಯ ಅನುಮಾನವನ್ನು ಒಳಗೆ ಕೂರಿಸಿಕೊಂಡಿರುತ್ತದೆ. ಇಂಡೋನೇಷ್ಯಾದ ಗಾರುತ್‌ನ ಮೂವರು ಹುಡುಗಿಯರು 2014ರಲ್ಲಿ ಕಟ್ಟಿದ ವಾಯ್ಸ್ ಆಫ್ ಬಾಚೆಪ್ರೊಟ್ ಬ್ಯಾಂಡಿನ ಬಗ್ಗೆ ಬಂದ ಬರಹಗಳನ್ನು ನೋಡಿ. ತಲೆಬಟ್ಟೆಯ ಮಾತು ಮುಗಿದ ಮೇಲೆ ಬಾಸ್ ಗಿಟಾರ್ ವಾದನದ ಮಾತಿಗೆ ಜಾಗ ಉಳಿದಿರುವುದಿಲ್ಲ. ಅವರು 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ನುಡಿಸಿದ ಮೊದಲ ಇಂಡೋನೇಷ್ಯಾ ಬ್ಯಾಂಡ್. ಅಲ್ಲಿಗೆ ಅವರನ್ನು ಕರೆದೊಯ್ದದ್ದು ಅವರ ಕೈಗಳು.

2022ರಲ್ಲಿ ಒಂದು ಜನಪ್ರಿಯ ವೆಬ್ ಸರಣಿಯಲ್ಲಿ 1986ರ ಕಾಲದ ಒಬ್ಬ ಮೆಟಲ್ ಹುಡುಗ ಬಂದ. ಊರು ಅವನನ್ನು ಕೊಲೆಗಾರ, ಸೈತಾನ ಪೂಜಕ ಎಂದು ಅಟ್ಟಿಸಿಕೊಂಡು ಹೋಗುತ್ತದೆ. ಅವನು ಅದೇ ಊರಿಗಾಗಿ ಸಾಯುತ್ತಾನೆ. ಆ ಪಾತ್ರಕ್ಕೆ ಡೇಮಿಯನ್ ಎಕಲ್ಸ್ ಅವರ ಕತೆ ಪ್ರೇರಣೆ ಎಂದು ಮಾಡಿದವರೇ ಹೇಳಿದ್ದಾರೆ. ನಾನು ಆ ಕಂತು ನೋಡಿ ಅತ್ತೆ. ಚಿಕ್ಕ ಮಕ್ಕಳು ಆ ಪಾತ್ರದ ಅಂಗಿ ತೊಟ್ಟು ಓಡಾಡಿದರು, ಮೆಟಾಲಿಕಾದ 1986ರ ಹಾಡು ಮತ್ತೆ ಜನಪ್ರಿಯ ಹಾಡುಗಳ ಪಟ್ಟಿಗೆ ಬಂತು. ಮಾಧ್ಯಮ ಬದಲಾಗಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಡ. ಆದರೂ ಆ ಹುಡುಗ ಬದುಕಿ, ವಯಸ್ಸಾಗಿ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಕಾರಿನಲ್ಲಿ ಅದೇ ಹಾಡು ಕೇಳುವ ಕತೆ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೇನೆ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. ‘ನನ್ನ ಮಗನಿಗೆ 16. ರೂಮಿನ ಬಾಗಿಲು ಹಾಕ್ಕೊಂಡು ಇದನ್ನೇ ಕೇಳ್ತಾನೆ. ಬರೀ ಕಪ್ಪು ಬಟ್ಟೆ. ನಾನು ಹೆದರಬೇಕಾ ಬೇಡವಾ, ಅದು ಹೇಳಿ’ ಅಂದರು.

ನಾನು ಹೇಳಿದ್ದು ಇಷ್ಟು. ಅವನು ನಿದ್ದೆ ಮಾಡುತ್ತಿಲ್ಲವಾ, ಊಟ ಬಿಟ್ಟಿದ್ದಾನಾ, ಗೆಳೆಯರಿಂದ ದೂರ ಆಗಿದ್ದಾನಾ, ಬದುಕು ಬೇಡ ಅನ್ನುವ ಮಾತು ಆಡುತ್ತಿದ್ದಾನಾ? ಹಾಗಿದ್ದರೆ ತಡ ಮಾಡದೆ ಅವನ ಜೊತೆ ಮಾತಾಡಿ, ವೈದ್ಯರ ಹತ್ತಿರ ಹೋಗಿ. ಅವನು ಭಜನೆ ಕೇಳುತ್ತಿದ್ದರೂ ಅಷ್ಟೇ, ಮೆಟಲ್ ಕೇಳುತ್ತಿದ್ದರೂ ಅಷ್ಟೇ. ಅಂಗಿಯ ಬಣ್ಣದಲ್ಲಿ ಇದರ ಉತ್ತರ ಸಿಗುವುದಿಲ್ಲ. ಇದು ಯಾವುದೂ ಇಲ್ಲವಾದರೆ, ಒಂದು ಸಂಜೆ ಬಾಗಿಲು ತಟ್ಟಿ ಒಳಗೆ ಹೋಗಿ. ಒಂದು ಹಾಡು ಪೂರ್ತಿ ಅವನ ಪಕ್ಕ ಕೂತು ಕೇಳಿ. ಆಮೇಲೆ ಅವನನ್ನು ಕೇಳಿ, ಇದು ಯಾಕೆ ಇಷ್ಟ ಅಂತ.

‘ನಂಗೆ ಅದು ಅರ್ಥ ಆಗಲ್ಲ’ ಅಂದರು. ಅವನು ಹೇಳಿಕೊಡುತ್ತಾನೆ ಅಂದೆ.

ಅವರು ಕೂರಲಿಲ್ಲ. ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಚೀಲದಿಂದ ಪೆನ್ನು ತೆಗೆದು, ‘ಆ ಬೆರಳು ಕಳಕೊಂಡವರ ಹೆಸರು ಏನಂದ್ರಿ?’ ಅಂತ ಕೇಳಿದರು. ಟೋನಿ ಅಯೋಮಿ ಅಂದೆ. ಬಿಡಿಸಿ ಬಿಡಿಸಿ ಹೇಳಿದೆ. ಬರೆದುಕೊಂಡರು.